ಮದ್ದಿಲ್ಲದ ತೋಟೆ

ಆ ಬೀದಿಯಲ್ಲಿ ತೋಟೆಯಕ್ಕ ಎಂದರೆ ಎಲ್ಲರಿಗೂ ಗೊತ್ತು. ಬೀದಿಯ ಕೊನೆಯಲ್ಲಿ, ಚಾಕು ಕತ್ತರಿ ಮಸೆಯುವ ಸಾಣೆಯ ಅಂಗಡಿಗೆ ಅಂಟಿಕೊಂಡಂತೆ ಆಕೆಯ ತಮ್ಮನ ಬಂದೂಕು ರಿಪೇರಿ ಅಂಗಡಿ. ಮುಂದಿನ ಕೋಣೆಯಲ್ಲಿ ತಮ್ಮ ಅರ ಹಿಡಿದು ಕೂತರೆ, ಹಿಂದಿನ ಕೋಣೆಯಲ್ಲಿ ಅಕ್ಕ ಬಂದೂಕಿಗೆ ಹಾಕುವ ತೋಟೆ ತುಂಬುತ್ತಿದ್ದಳು. ಗುರಿ ಅಭ್ಯಾಸದ ಕ್ಲಬ್ಬಿನವರು ಹಾರಿಸಿ ಬಿಟ್ಟ ಹಿತ್ತಾಳೆಯ ಖಾಲಿ ತೋಟೆಗಳನ್ನು ಚೀಲಗಟ್ಟಲೆ ತಂದು ಸುರಿಯುತ್ತಿದ್ದರು. ಆಕೆ ಅವನ್ನು ತೊಳೆದು ಒಣಗಿಸಿ, ಬುಡಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಬಾಯಿಗೆ ಸೀಸದ ಗುಂಡು ಒತ್ತಿ ಹಿಂದಿರುಗಿಸುತ್ತಿದ್ದಳು. ಇಸ್ಕೂಲು ಬಿಟ್ಟ ವಯಸ್ಸಿನಲ್ಲಿ ಅಪ್ಪನಿಂದ ಕಲಿತ ಕೆಲಸ.

"ಸಾಸಿವೆ ಡಬ್ಬಿ ತುಂಬಿಸಿದ ಹಾಗೆ ತುಂಬಿಸ್ತೀಯಲ್ಲಮ್ಮ, ಭಯ ಆಗಲ್ವಾ?" ಎಂದು ಸಾಣೆಯವನು ಕೇಳುತ್ತಿದ್ದ. ಅವನು ಅವರಪ್ಪನ ಸ್ನೇಹಿತ. ಅಕ್ಕ ತಮ್ಮ ಇಬ್ಬರಿಗೂ ಮಾವ.

"ಮದ್ದಿಗ್ಯಾಕೆ ಹೆದರ್ಬೇಕು, ಮಾವ? ಬೆಂಕಿ ತೋರಿಸದೆ ಅದು ಯಾರ ಮೇಲೂ ಎಗರಲ್ಲ. ಕೆಲವರು ಹಾಗಲ್ಲ."

ಆಕೆಯ ಕೆಲಸಕ್ಕೆ ಒಂದು ಕ್ರಮವಿತ್ತು. ಸಾಲು ಸಾಲಾಗಿ ಕುಳಿ ಕೊರೆದ ಮರದ ಹಲಗೆ. ಕೇಪು ಹಾಕಿದ ತೋಟೆಯನ್ನು ಅದರಲ್ಲಿ ಬೋರಲು ಇಡುವುದು, ಮದ್ದು ಹಾಕಿದ ಮೇಲೆ ನೆಟ್ಟಗೆ ನಿಲ್ಲಿಸುವುದು. ನಡುವೆ ಯಾರು ಕರೆದರೂ ಎದ್ದು ಹೋಗಬಹುದು. ವಾಪಸ್ ಬಂದಾಗ ಯಾವುದು ಖಾಲಿ, ಯಾವುದು ಭರ್ತಿ ಎಂದು ಹಲಗೆಯೇ ಹೇಳುತ್ತದೆ. ಗುಂಡು ಒತ್ತುವ ಮುಂಚೆ ಪ್ರತಿಯೊಂದನ್ನೂ ಮೇಜಿನ ದೀಪಕ್ಕೆ ಹಿಡಿದು ಒಳಗೆ ಇಣುಕುತ್ತಿದ್ದಳು. ಗುಂಡು ಕೂತ ಮೇಲೆ ಒಳಗೆ ಏನಿದೆ, ಏನಿಲ್ಲ ಎಂದು ದೇವರೊಬ್ಬನಿಗೇ ಕಾಣುವುದು.

ಕಣ್ಣಿಗೆ ಈ ಪಾಠವಾದರೆ ಕಿವಿಗೆ ಇನ್ನೊಂದು. ರಿಪೇರಿಯಾದ ಬಂದೂಕನ್ನು ಹಿತ್ತಲಿನ ಮರಳಿನ ಪೀಪಾಯಿಗೆ ಹಾರಿಸಿ ನೋಡುತ್ತಿದ್ದರು. ಢಮ್ ಎಂದರೆ ಸರಿ. ಟಪ್ ಎಂದು ಸಣ್ಣಗೆ ಸದ್ದಾದರೆ ಮದ್ದು ಉರಿದಿಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ಎದ್ದು ಹೋಗಿ ನಳಿಗೆಯ ನಡುವೆ ಸಿಕ್ಕಿಕೊಂಡಿದೆ ಎಂದರ್ಥ. ಅದರ ಬೆನ್ನಿಗೆ ಇನ್ನೊಂದು ಗುಂಡು ಹಾರಿಸಿದರೆ ದಾರಿ ಇಲ್ಲದೆ ಬಂದೂಕೇ ಕೈಯಲ್ಲಿ ಸಿಡಿಯುತ್ತದೆ. ಹಾರಿಸುವವನ ಕಿವಿಯಲ್ಲಿ ಹತ್ತಿ ಇರುತ್ತದೆ, ಅವನಿಗೆ ತಿಳಿಯದೇ ಹೋಗಬಹುದು. ಆದ್ದರಿಂದ ಆ ಸದ್ದು ಮನೆಯಲ್ಲಿ ಯಾರ ಕಿವಿಗೆ ಬಿದ್ದರೂ, ಒಲೆ ಮುಂದಿರಲಿ ಬಚ್ಚಲಲ್ಲಿರಲಿ, ಮೊದಲು "ನಿಲ್ಸು" ಎಂದು ಕೂಗಬೇಕು. ಹಾರಿಸುತ್ತಿರುವವನು ಅಪ್ಪನೇ ಆದರೂ "ನಿಲ್ಸು" ಎಂದೇ. ಯೋಚನೆ, ಮರ್ಯಾದೆ ಎಲ್ಲ ಆಮೇಲೆ. ಬೆಂಕಿ ತಗುಲಿದಾಗ ಕೈ ತಾನೇ ಹಿಂದೆ ಸರಿಯುವಂತೆ ಆ ಮಾತು ಅವರ ಬಾಯಿಗೆ ಬರುತ್ತಿತ್ತು.

ಆಕೆಯ ಗಂಡ ಒಂದು ಒಡವೆ ಅಂಗಡಿಯ ಗಾರ್ಡ್. ಕಾವಲು ಕಂಪನಿ ಕೊಟ್ಟ ರಿವಾಲ್ವರ್ ಸೊಂಟದಲ್ಲಿ ಇರುತ್ತಿತ್ತು. ಬಂದೂಕಿನ ಮನೆಗೆ ಬಂದೂಕಿನವನೇ ಅಳಿಯನಾಗಲಿ ಎಂದು ಅಪ್ಪ ಹುಡುಕಿ ತಂದ ಸಂಬಂಧ. ಅಪ್ಪ ಕಣ್ಣು ಮುಚ್ಚಿದ ಮೇಲೆ ಅಳಿಯನ ಕೈ ತೆರೆಯಿತು. ಮೊದಲು ಅಂಗೈ, ಆಮೇಲೆ ಮುಷ್ಟಿ, ಆಮೇಲೆ ಬೆಲ್ಟಿನ ಬಕ್ಕಲ್. ಹಗಲೆಲ್ಲ ಒಡವೆ ಅಂಗಡಿಯ ಬಾಗಿಲಲ್ಲಿ ಬಂದ ಬಂದವರಿಗೆಲ್ಲ ಸೆಲ್ಯೂಟ್ ಹೊಡೆದು, ಅದರ ಬಡ್ಡಿಯನ್ನೂ ಸೇರಿಸಿ ಮನೆಯಲ್ಲಿ ಹೊಡೆಯುತ್ತಿದ್ದ. ತುಟಿ ಒಡೆದುಕೊಂಡು ಬಂದ ದಿನ ಆಕೆ "ಬಾಗಿಲು ತಾಗ್ತು" ಎನ್ನುತ್ತಿದ್ದಳು.

"ನಿಮ್ಮನೇಲಿ ಎಷ್ಟಮ್ಮ ಬಾಗಿಲು? ಅರಮನೆಗೂ ಅಷ್ಟಿರಲ್ಲ" ಎಂದು ಸಾಣೆಯವನು ಕಲ್ಲು ತಿರುಗಿಸುವುದನ್ನು ಬಿಟ್ಟು ನೋಡುತ್ತಿದ್ದ. ತಮ್ಮ ಅರ ಉಜ್ಜುವುದು ಮಾತ್ರ ಜೋರಾಗುತ್ತಿತ್ತು.

ಒಂದು ಮಧ್ಯಾಹ್ನ ತಮ್ಮ ಕ್ಲಬ್ಬಿಗೆ ಹೋಗಿದ್ದಾಗ ಗಂಡ ಅಂಗಡಿಗೆ ಬಂದ. ಕಂಪನಿ ರಿವಾಲ್ವರಿನ ಜೊತೆ ಕೊಟ್ಟಿದ್ದ ತೋಟೆಗಳನ್ನು ಸ್ನೇಹಿತರ ಮುಂದೆ ಬಾಟಲಿಗಳಿಗೆ ಹಾರಿಸಿ ಮುಗಿಸಿದ್ದ. ಮಾರನೆಯ ದಿನ ತಪಾಸಣೆ.

"ನಿನ್ನ ಹಲಗೆಯಿಂದ ಒಂದು ಹಿಡಿ ಕೊಡು. ಅಳತೆ ಒಂದೇ."

"ಅಳತೆ ಒಂದೇ ರೀ. ಆದ್ರೆ ಇವು ಅಭ್ಯಾಸಕ್ಕೆ ತುಂಬಿದ್ದು. ಕಾವಲಿನ ರಿವಾಲ್ವರಿಗೆ ಕಂಪನೀದೇ ಹಾಕ್ಬೇಕು. ಕ್ಲಬ್ಬಿನವರ ವಸ್ತು ನಾನು ಹೇಗೆ ಕೊಡ್ಲಿ?"

"ಗಂಡನಿಗೆ ಕೊಡೋಕೆ ಕ್ಲಬ್ಬಿನ ಅಪ್ಪಣೆ ಬೇಕಾ?"

ಹೊಡೆತ ಎಡಗಣ್ಣಿನ ಮೇಲೆ ಬಿತ್ತು. ಎರಡನೆಯದಕ್ಕೆ ತಲೆ ಗೋಡೆಗೆ ಬಡಿಯಿತು. ಅವನು ಮೇಜಿನ ಅಂಚಿಗೆ ಒದ್ದ. ಹಲಗೆ, ದೀಪ, ತೋಟೆ ಎಲ್ಲ ನೆಲಕ್ಕೆ ಉರುಳಿದವು. ಕೆಳಗೆ ಬಿದ್ದವಳ ಬೆರಳುಗಳ ಮೇಲೆ ಬೂಟು ಇಟ್ಟು, ಭಾರ ಬಿಟ್ಟು, ತಿರುವಿ ಹೋದ. ಗೋಡೆಯಾಚೆ ಸಾಣೆಕಲ್ಲು ಕಿರುಚುತ್ತಿತ್ತು. ಯಾರಿಗೂ ಏನೂ ಕೇಳಿಸಲಿಲ್ಲ.

ಆಕೆ ಎದ್ದು ಮುಖ ತೊಳೆದು ಚೆಲ್ಲಿದ್ದನ್ನೆಲ್ಲ ಬಳಿದಳು. ಮದ್ದು ಚೆಲ್ಲಿದಂತೆ ಕಂಡವನ್ನು ಮತ್ತೆ ತುಂಬಿಸಿ ಹಲಗೆಯಲ್ಲಿ ನಿಲ್ಲಿಸಿದಳು. ಬೋರಲು ಇದ್ದವು ಯಾವುವು, ನೆಟ್ಟಗಿದ್ದವು ಯಾವುವು ಎಂದು ಹಲಗೆ ಆವತ್ತು ಹೇಳುವಂತಿರಲಿಲ್ಲ. ದೀಪ ಒಡೆದಿತ್ತು, ಎಡಗಣ್ಣು ಬಾತು ಮುಚ್ಚಿತ್ತು, ಬೆರಳು ಊದಿದ್ದವು. ತಮ್ಮ ಬಂದು ನೋಡಿ ಏನಾಯಿತೆಂದು ಕೇಳುವುದರೊಳಗೆ ಕೆಲಸ ಮುಗಿದಿರಬೇಕು ಎಂಬುದೊಂದೇ ತಲೆಯಲ್ಲಿ. ಎಲ್ಲವಕ್ಕೂ ಗುಂಡು ಒತ್ತಿ ಪೆಟ್ಟಿಗೆಗೆ ಹಾಕಿದಳು. ಜೀವಮಾನದಲ್ಲಿ ಮೊದಲ ಸಲ ಒಳಗೆ ಇಣುಕದೆ ಮುಚ್ಚಿದ ತೋಟೆಗಳು ಅವು.

ಸಂಜೆ ಗಂಡ ಕರೆದೊಯ್ಯಲು ಬಂದ. ಹೊಡೆದ ದಿನ ಅವನ ನಾಲಿಗೆಗೆ ಸಕ್ಕರೆ ಹತ್ತುತ್ತಿತ್ತು. "ಕಣ್ಣಿಗೆ ತಣ್ಣೀರು ಬಟ್ಟೆ ಇಟ್ಕೊಂಡ್ಯಾ?" ಎಂದೆಲ್ಲ ವಿಚಾರಿಸಿದ. ಆಕೆ ಹಿತ್ತಲ ಬಾಗಿಲು ಹಾಕುವಷ್ಟರಲ್ಲಿ ಆ ಪೆಟ್ಟಿಗೆಯಿಂದ ಒಂದು ಹಿಡಿ ತೋಟೆ ಅವನ ಜೇಬಿಗೆ ಇಳಿದಿತ್ತು. ಮಾರನೆಯ ದಿನ ತಪಾಸಣೆಗೆ ಬಂದವರು ರಿವಾಲ್ವರಿನ ತೋಟೆ ಕೂರುವ ಸಿಲಿಂಡರ್ ಬಿಚ್ಚಿ, ಹಿತ್ತಾಳೆಯ ಬುಡಗಳು ಕಾಣಿಸಿದ ಮೇಲೆ ಮುಚ್ಚಿ ಕೊಟ್ಟರು. ಬುಡ ನೋಡಿ ಹೊಟ್ಟೆಯ ಸಂಗತಿ ಯಾರಿಗೆ ತಿಳಿಯುತ್ತದೆ?

ಆ ವಾರವೇ ಇನ್ನೊಂದು ಜಗಳವಾಯಿತು. ಅವನು ಬಾಗಿಲು ತಟ್ಟಿದಾಗ ಆಕೆ ತೆರೆಯುವುದು ತಡವಾಯಿತು ಎಂಬುದು ಕಾರಣ. ಕುರ್ಚಿ ಎತ್ತಿ ಬೀಸಿದ. ಆಕೆಯ ಎಡಭುಜದ ಎಲುಬು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಅವನು ಉಸಿರು ತೆಗೆದುಕೊಳ್ಳಲು ಕೂತ ಹೊತ್ತಿಗೆ ಆಕೆ ಬರಿಗಾಲಲ್ಲಿ ಬೀದಿಗೆ ಇಳಿದಳು. ಅಂಗಡಿಯ ಮೇಲೆಯೇ ತಮ್ಮನ ಮನೆ. ಮೆಟ್ಟಿಲ ಮೇಲೆ ಅಕ್ಕನನ್ನು ಕಂಡ ತಮ್ಮ ಆವತ್ತು ಬಾಗಿಲು ತಾಗಿದ ಕಥೆ ಹೇಳಲು ಆಕೆಗೆ ಬಿಡಲಿಲ್ಲ.

"ಇನ್ನು ಅಲ್ಲಿಗೆ ಹೋಗೋದು ಬೇಡ" ಎಂದ.

"ಅವರು ಬರ್ತಾರೆ ಕಣೋ. ಬರಿಗೈಲಿ ಬರಲ್ಲ."

"ಬರ್ಲಿ."

ಆಕೆಗೆ ತನ್ನ ಭುಜದ ಚಿಂತೆ ಇರಲಿಲ್ಲ. ತನ್ನಿಂದಾಗಿ ತಮ್ಮನಿಗೆ ಏನಾದರೂ ಆದರೆ ಎಂಬ ಒಂದೇ ಭಯ. ದಿನವೂ ಬೆಳಿಗ್ಗೆ ದೇವರ ಮುಂದೆ ನಿಂತು ಅವನೊಬ್ಬನ ಹೆಸರು ಹೇಳಿ ಕೆಳಗಿಳಿಯುತ್ತಿದ್ದಳು.

ಗಂಡ ಬಂದದ್ದು ಹಗಲಿನಲ್ಲೇ, ಸಮವಸ್ತ್ರದಲ್ಲೇ. ತಮ್ಮ ಬೇಟೆಯ ಕೋವಿಯೊಂದನ್ನು ಬಿಡಿಬಿಡಿಯಾಗಿ ಬಿಚ್ಚಿ ಬೆಂಚಿನ ಮೇಲೆ ಹರಡಿಕೊಂಡಿದ್ದ. ಅಕ್ಕ ತೋಳನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಇಟ್ಟುಕೊಂಡು ಹಿಂದಿನ ಕೋಣೆಯ ಹೊಸ್ತಿಲಲ್ಲಿ ಕೂತಿದ್ದಳು.

"ಹೊರಡೇ" ಎಂದ ಗಂಡ.

"ಅಕ್ಕ ಬರಲ್ಲ ಭಾವ. ಎಲುಬು ಕೂಡೋವರೆಗೆ ಅಂತಲ್ಲ. ಆಮೇಲೂ ಬರಲ್ಲ."

"ನಿನ್ನ ಕೇಳಿದ್ನಾ? ಸ್ಕ್ರೂ ತಿರುಗಿಸೋನು ಸ್ಕ್ರೂ ತಿರುಗಿಸು."

"ತುಂಬಿದ ಬಂದೂಕು ಒಳಗೆ ತರಬಾರದು ಅಂತ ಹೊರಗೆ ಬೋರ್ಡ್ ಹಾಕಿದೀನಿ. ಓದೋಕೆ ಬರುತ್ತಲ್ಲ?"

ಗಂಡ ರಿವಾಲ್ವರ್ ತೆಗೆದು ಅದರ ನಳಿಗೆಯಿಂದಲೇ ತಮ್ಮನ ಬಾಯಿಗೆ ಬೀಸಿದ. ಹಲ್ಲೊಂದು ಬೆಂಚಿನ ಮೇಲೆ, ಕೋವಿಯ ಸ್ಪ್ರಿಂಗುಗಳ ನಡುವೆ ಬಿತ್ತು. ತಮ್ಮ ರಕ್ತ ಉಗಿದು ಸುತ್ತಿಗೆ ಎತ್ತಿ ಭಾವನ ಮೊಣಕಾಲಿಗೆ ಹೊಡೆದ. ಅಷ್ಟು ವರ್ಷ ಅರದ ಮೇಲೆ ತೀರಿಸಿಕೊಂಡಿದ್ದ ಸಿಟ್ಟೆಲ್ಲ ಆ ಏಟಿನಲ್ಲಿತ್ತು. ಗಂಡ ಕುಂಟುತ್ತಾ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಒರಗಿ, ರಿವಾಲ್ವರನ್ನು ತಮ್ಮನ ಎದೆಯ ನೇರಕ್ಕೆ ಹಿಡಿದ. ಗದ್ದಲ ಕೇಳಿ ಬಂದ ಸಾಣೆಯವನು ಬಾಗಿಲಲ್ಲೇ ಕಲ್ಲಾದ.

ಗಂಡ ಟ್ರಿಗರ್ ಎಳೆದ.

ಟಪ್.

ತಮ್ಮ ಎದೆ ಮುಟ್ಟಿ ನೋಡಿಕೊಂಡ. ಏನೂ ಆಗಿರಲಿಲ್ಲ. ಅಷ್ಟರಲ್ಲಿ ಆಕೆಯ ಬಾಯಿಂದ ಮಾತು ಹೊರಬಿದ್ದಾಗಿತ್ತು.

"ನಿಲ್ಸು! ಗುಂಡು ನಳಿಗೇಲಿ ಸಿಕ್ಕಿದೆ. ಇನ್ನೊಂದು ಹಾರಿಸಿದ್ರೆ ಕೈ ಹೋಗುತ್ತೆ."

ಗಂಡ ತಿರುಗಿ ನೋಡಿದ. ಒಂದು ಕ್ಷಣ ಅವನ ಕಣ್ಣು ರಿವಾಲ್ವರಿನ ಮೇಲೆ ನಿಂತಿತು. ಆಮೇಲೆ ನಕ್ಕ.

"ನನಗೇ ನಿಲ್ಸು ಅಂತೀಯ? ತಮ್ಮನ ಉಳಿಸ್ಕೊಳ್ಳೋಕೆ ಕಥೆ ಕಟ್ತೀಯ? ಮೊದಲು ಅವನು. ಆಮೇಲೆ ನೀನು."

ಮತ್ತೆ ಎಳೆದ.

ಈ ಸಲದ ಸದ್ದಿಗೆ ಅಂಗಡಿಯ ಗಾಜುಗಳೆಲ್ಲ ಉದುರಿದವು. ಹೊಗೆ ತಿಳಿಯಾದಾಗ ರಿವಾಲ್ವರಿನ ನಳಿಗೆ ಬುಡದಿಂದ ಸೀಳಿ ಹೊರಕ್ಕೆ ತಿರುಚಿತ್ತು. ಗಂಡನ ಬಲಗೈಯಲ್ಲಿ ಹೆಬ್ಬೆರಳು ಇರಲಿಲ್ಲ; ಪಕ್ಕದ ಎರಡು ಬೆರಳು ಚರ್ಮದ ಎಳೆಯಲ್ಲಿ ನೇತಾಡುತ್ತಿದ್ದವು. ಹಣೆಯ ಚರ್ಮ ಹುಬ್ಬಿನ ಮೇಲೆ ಇಳಿಬಿದ್ದಿತ್ತು. ತಮ್ಮ ಬೆಂಚಿನ ಕೆಳಗೆ ಕುಸಿದಿದ್ದ. ಕಬ್ಬಿಣದ ಚೂರೊಂದು ಎಡಗೆನ್ನೆಯನ್ನು ಸೀಳಿಕೊಂಡು ಕಿವಿಯ ತನಕ ಹೋಗಿತ್ತು. ಅವನ ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ.

"ಮಾವ, ಇವನ ಕೆನ್ನೆ ಒತ್ತಿ ಹಿಡಿ" ಎಂದಳು ಆಕೆ. ತಾನು ಏಪ್ರನ್ನಿನ ದಾರವನ್ನು ಹಲ್ಲಿನಿಂದ ಹರಿದು, ಒಂದೇ ಕೈಯಲ್ಲಿ ಗಂಡನ ಮಣಿಕಟ್ಟಿಗೆ ಸುತ್ತಿ, ಹಲ್ಲಿನಿಂದಲೇ ಜಗ್ಗಿ ಬಿಗಿದಳು. ರಕ್ತ ಆಕೆಯ ಬಾಯಿಗೂ ಹೋಯಿತು. ಅವನು ಪ್ರಜ್ಞೆ ತಪ್ಪುವ ತನಕ ಆಕೆಯನ್ನೇ ಬೈಯುತ್ತಿದ್ದ.

ಇನ್ಸ್‌ಪೆಕ್ಟರ್ ಬಂದಾಗ ಗಂಡನನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು, ತಮ್ಮನ ಮುಖಕ್ಕೆ ಹೊಲಿಗೆ ಹಾಕಿ ಮನೆಗೆ ಕಳಿಸಿದ್ದರು. ಎಡಗಿವಿಯ ಕೇಳುವ ಶಕ್ತಿ ಪೂರ್ತಿ ಹೋಗಿತ್ತು. ಇನ್ಸ್‌ಪೆಕ್ಟರ್ ಒಳಗೆ ಬರುವ ಮುಂಚೆ ಅವನು ಅಕ್ಕನ ತೋಳು ಹಿಡಿದು, ಅರ್ಧ ಬಾಯಲ್ಲಿ ಹೇಳಿದ, "ನೀನು ಕೂಗಿದ್ದು ಹೇಳ್ಬೇಡ. ನಿಂಗೆ ಹೇಗೆ ಗೊತ್ತಾಯ್ತು ಅಂತಾರೆ. ನೀನೇ ಮಾಡಿಟ್ಟಿದ್ದು ಅಂತಾರೆ."

ಆಕೆ ಎಲ್ಲವನ್ನೂ ಹೇಳಿದಳು. ಮೇಜು ಉರುಳಿದ್ದು, ಕಣ್ಣು ಬಾತಿದ್ದು, ಇಣುಕದೆ ಗುಂಡು ಒತ್ತಿದ್ದು, ಸದ್ದು ಕೇಳಿ ಕೂಗಿದ್ದು. ಪೆಟ್ಟಿಗೆಯಲ್ಲಿ ಒಂದು ಹಿಡಿ ಕಡಿಮೆಯಾಗಿತ್ತು; ಉಳಿದಿದ್ದ ತೋಟೆಗಳನ್ನು ತಮ್ಮ ಅವನೆದುರಿಗೇ ಒಂದೊಂದಾಗಿ ಬಿಚ್ಚಿದ. ಹೆಚ್ಚಿನವುಗಳಲ್ಲಿ ಮದ್ದಿತ್ತು. ಅಲ್ಲೊಂದು ಇಲ್ಲೊಂದರಲ್ಲಿ ಏನೂ ಇರಲಿಲ್ಲ.

"ನೋಡಮ್ಮ" ಎಂದ ಇನ್ಸ್‌ಪೆಕ್ಟರ್, "ಇದು ಕೈತಪ್ಪು ಅನ್ನೋಕೂ ಸಾಕ್ಷಿ, ಬೇಕಂತಲೇ ಮಾಡಿದ್ದು ಅನ್ನೋಕೂ ಸಾಕ್ಷಿ. ಗಂಡ ಹೊಡೀತಿದ್ದ. ಹೆಂಡತಿ ತೋಟೆ ತುಂಬ್ತಿದ್ಲು. ಗಂಡನ ಬಂದೂಕು ಸಿಡೀತು. ಕೇಳಿದೋರು ಏನಂತಾರೆ?"

"ಬೇಕಂತ ಮಾಡಿದ್ರೆ ಯಾಕೆ ಸಾರ್ ಕೂಗ್ತಿದ್ಲು? ನಾನು ಬಾಗಿಲಲ್ಲೇ ಇದ್ದೆ" ಎಂದ ಸಾಣೆಯವನು.

"ನೀನು ಪಕ್ಕದಂಗಡಿಯವನು. ಕೂಗಿಲ್ಲ ಅಂತ ಹೇಳ್ತೀಯಾ? ಗಂಡ ಕಣ್ಣು ಬಿಟ್ಟಿದ್ದಾನೆ. ನಾಳೆ ಸಂಜೆ ಅವನ ಹೇಳಿಕೆ ತಗೋತೀನಿ. ಕೂಗಿದ್ದು ಅವನ ಕಿವಿಗೆ ಬಿದ್ದಿದ್ರೆ ನಿಮಗೆ ಒಳ್ಳೇದು. ಇಲ್ಲಾಂದ್ರೆ ಬಟ್ಟೆ ಕಟ್ಕೊಂಡು ಜೈಲಿಗೆ ತಯಾರಾಗಿರಿ."

ಬೀದಿಯವರಿಗೆ ಹೇಳಿಕೆಯೂ ಬೇಕಿರಲಿಲ್ಲ. "ಒಳ್ಳೇ ಪಾಠ ಕಲಿಸಿದೆ ಕಣಮ್ಮ" ಎಂದು ಹಾಲು ಹಾಕುವವಳು ಆಕೆಯ ಕೈ ಹಿಡಿದು ಹೇಳಿದಳು. "ನಾನು ಕಲಿಸಿದ್ದಲ್ಲ, ಕಣ್ಣು ತಪ್ಪಿದ್ದು" ಎಂದರೆ, "ಹೂಂ ಹೂಂ, ಹಾಗೇ ಹೇಳು" ಎಂದು ಕಣ್ಣು ಮಿಟುಕಿಸಿ ಹೋದಳು.

ತಮ್ಮನ ಸಿಟ್ಟು ಬೇರೆಯದಾಗಿತ್ತು. ಆವತ್ತು ಅಡುಗೆಮನೆಯಲ್ಲಿ ಅವನಿಗೆ ಆಕೆ ಗಂಜಿ ಆರಿಸಿ ಕೊಟ್ಟಳು. ಅವನು ಲೋಟ ಮುಟ್ಟಲಿಲ್ಲ.

"ಒಂದು ಕೇಳ್ತೀನಿ ಅಕ್ಕ. ಅವನು ನಿನ್ನ ಮಾತು ನಂಬಿದ್ರೆ? ನಮ್ಮ ಬೆಂಚಿನ ಮೇಲೇ ಸಲಾಕೆ ಇತ್ತು. ಸಿಕ್ಕಿದ ಗುಂಡು ತಟ್ಟಿ ಹೊರಗೆ ಹಾಕಿ ಮತ್ತೆ ನನ್ನ ಎದೆಗೇ ಇಡ್ತಿದ್ದ."

"ಬಾಯಿಗೆ ಬಂತು ಕಣೋ."

"ಅವನ ಕೈ ಹೋಗುತ್ತೆ ಅಂತ ಬಾಯಿಗೆ ಬಂತು. ತಮ್ಮನ ಜೀವ ಹೋಗುತ್ತೆ ಅಂತ ಬರ್ಲಿಲ್ಲ."

ತಮ್ಮ ಎದ್ದು ಹೋದ. ಗಂಜಿಯ ಮೇಲೆ ಕೆನೆ ಕಟ್ಟಿತು.

ಮಾರನೆಯ ಮಧ್ಯಾಹ್ನ ಗಂಡ ಆಸ್ಪತ್ರೆಯಿಂದ ಆಕೆಗೆ ಹೇಳಿಕಳಿಸಿದ. ಒಬ್ಬಳನ್ನೇ ಬಿಡಲು ಮನಸ್ಸಾಗದೆ ತಮ್ಮನೂ ಹೊರಟ. ಆಸ್ಪತ್ರೆಯ ಓಣಿಯ ಬೆಂಚಿನ ಮೇಲೆ ಅವನು ಕೂತ, ಆಕೆ ವಾರ್ಡಿನ ಒಳಗೆ ಹೋದಳು. ಉದ್ದನೆಯ ವಾರ್ಡು, ಎರಡೂ ಕಡೆ ಮಂಚ. ಪಕ್ಕದ ಮಂಚದಲ್ಲಿ ಕಾಲು ಮುರಿದ ಲಾರಿ ಡ್ರೈವರ್ ಒಬ್ಬ ಆಕೆಯನ್ನು ಕಂಡವನೇ ಎದ್ದು ಕೂತ.

"ಇವರೇನಾ ಮೇಡಮ್ಮು? ನಮಸ್ಕಾರ ತಾಯಿ. ನನ್ನ ಹೆಂಡ್ತಿಗೆ ಮಾತ್ರ ಈ ವಿದ್ಯೆ ಹೇಳಿಕೊಡ್ಬೇಡಿ."

ವಾರ್ಡೆಲ್ಲ ನಕ್ಕಿತು. ಗಂಡ ಗೋಡೆಯ ಕಡೆ ನೋಡುತ್ತಿದ್ದ. ಬಲಗೈ ಬಟ್ಟೆಯ ಉಂಡೆಯಾಗಿತ್ತು.

"ಸಂಜೆ ಇನ್ಸ್‌ಪೆಕ್ಟರ್ ಬರ್ತಾನೆ" ಎಂದ ತಗ್ಗಿದ ದನಿಯಲ್ಲಿ. "ನೀನು ಕೂಗಿದ್ದು ನಂಗೆ ಕೇಳಿಸ್ತು. ಅದನ್ನ ಹೇಳ್ಬೇಕಾದ್ರೆ ನೀನು ಮನೆಗೆ ಬರ್ಬೇಕು. ತುತ್ತು ಎತ್ತೋಕೆ ಕೈ ಇಲ್ಲ ನಂಗೆ. ಬರಲ್ಲ ಅಂದ್ರೆ, ನೀನೇ ನಗ್ತಾ ನಗ್ತಾ ತೋಟೆ ತುಂಬಿಸಿ ಕೊಟ್ಟೆ ಅಂತೀನಿ. ಜೈಲಿನ ಗಂಜಿ ಕುಡಿ."

ಆಕೆ ಅವನ ಕೈ ನೋಡಿದಳು. ಮರುಕ ಬರಲಿಲ್ಲವೆಂದಲ್ಲ. ಬಟ್ಟೆಯಿಂದ ಹೊರಗೆ ಇಣುಕುತ್ತಿದ್ದ ಉಳಿದೆರಡು ಬೆರಳುಗಳ ತುದಿ ನೀಲಿಯಾಗಿತ್ತು.

"ಕೇಳಿಸಿದ್ದನ್ನ ಹೇಳೋಕೆ ಕೂಲಿ ಕೇಳ್ತೀರಾ?" ಎಂದಳು. "ನಿಮ್ಮ ಕೈ ಹೀಗಾಗಿದ್ದು ನನ್ನ ತಪ್ಪಿಂದ. ಅದನ್ನ ಯಾರ ಮುಂದೆ ಬೇಕಾದ್ರೂ ಒಪ್ಕೋತೀನಿ, ಒಪ್ಕೊಂಡೂ ಆಗಿದೆ. ಆದ್ರೆ ಮನೆಗೆ ಬರಲ್ಲ. ನಿಮಗೆ ತಿಳಿದಿದ್ದು ಹೇಳಿ."

ಎಡಗೈಯ ಏಟು ಕೆನ್ನೆಗೆ ಬಿತ್ತು. ಪಳಗದ ಕೈ, ಅರ್ಧ ಕೆನ್ನೆಗೆ, ಅರ್ಧ ಗಾಳಿಗೆ. ವಾರ್ಡಿನ ನಗು ನಿಂತಿತು. ಲಾರಿ ಡ್ರೈವರ್ ಊರುಗೋಲು ಎತ್ತಿಕೊಂಡು, "ಇನ್ನೊಂದು ಕೈನೂ ಬೇಡ್ವೇನೋ ನಿಂಗೆ?" ಎಂದ. ಆಕೆ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ತಿರುಗಿ ಎರಡು ಸಾಲು ಮಂಚಗಳ ನಡುವೆ ನಡೆದು ಬಂದಳು. ಬೆನ್ನ ಹಿಂದೆ ಗಂಡ ಆಡುತ್ತಿದ್ದ ಮಾತುಗಳು ಒಂದೊಂದೇ ಮಂಚ ದಾಟಿದಂತೆ ಸಣ್ಣದಾದವು.

ಅಕ್ಕ ತಮ್ಮ ಕೂಡಲೇ ಮನೆಗೆ ಹೋಗಲಿಲ್ಲ. ಬಟ್ಟೆಯ ಗಂಟು ಆಕೆ ಜೊತೆಯಲ್ಲೇ ತಂದಿದ್ದಳು. ಓಣಿಯ ಬೆಂಚಿನ ಮೇಲೆ ಇಬ್ಬರೂ ಇನ್ಸ್‌ಪೆಕ್ಟರಿಗಾಗಿ ಕಾದರು. ಬೆಳಕು ಇಳಿಯುವ ಹೊತ್ತಿಗೆ ಅವನು ಬಂದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ವಾರ್ಡಿನಿಂದ ಗಂಡನ ದನಿ ಜೋರಾಗಿ ಕೇಳಿಸಿತು. ಬೈಯುತ್ತಿದ್ದಾನೋ ಹೇಳುತ್ತಿದ್ದಾನೋ ತಿಳಿಯಲಿಲ್ಲ. ಆಕೆ ಗಂಟನ್ನು ಮಡಿಲಿಗೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಇನ್ಸ್‌ಪೆಕ್ಟರ್ ಟೋಪಿ ಒತ್ತಿಕೊಳ್ಳುತ್ತಾ ಹೊರಗೆ ಬಂದ.

"ಮನೆಗೆ ಹೋಗಮ್ಮ. ನೀನು ಕೂಗಿದ್ದು ಕೇಳಿಸ್ತಂತೆ."

ತಮ್ಮ ಕೇಳುವ ಕಿವಿಯನ್ನು ಅತ್ತ ತಿರುಗಿಸಿದ. "ಹಾಗಂತ ಅವನೇ ಹೇಳಿದ್ನಾ ಸಾರ್?"

"ಮೊದಲು ಬೇರೇನೋ ಶುರು ಮಾಡಿದ. ಹೆಂಡ್ತಿ ಹೊಂಚು ಹಾಕಿ ಹೀಗ್ಮಾಡಿದ್ಲು ಅಂತ. ಪಕ್ಕದ ಡ್ರೈವರ್ ಕಿಸಕ್ಕಂದ. ಹೆಂಡ್ತಿ ಹಾಕಿದ ಬೋನಿಗೆ ಬಿದ್ದ ಗಾರ್ಡು ಅಂತ ಏನೋ ಅಂದ. ಅಷ್ಟೇ ನೋಡು, ಇವನ ಮೈ ಉರೀತು. 'ಇವಳು ನನಗೆ ಬೋನು ಹಾಕೋಳಾ? ನಿಲ್ಸು ಅಂತ ಕಿರುಚಿದ್ಲು, ಕೈ ಹೋಗುತ್ತೆ ಅಂತಾನೂ ಹೇಳಿದ್ಲು. ಹುಟ್ಟಿದ್ಮೇಲೆ ಹೆಂಗಸಿನ ಮಾತು ಕೇಳಿಲ್ಲ ನಾನು, ಆವತ್ತು ಕೇಳ್ತೀನಾ' ಅಂತ ವಾರ್ಡೆಲ್ಲ ಕೇಳೋ ಹಾಗೆ ಕೂಗಾಡ್ದ. ನಾನು ಬರ್ಕೊಂಡೆ. ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡೆ." ಎರಡು ಹೆಜ್ಜೆ ಹೋಗಿ ತಿರುಗಿದ. "ಅಂಗಡಿ ಸದ್ಯಕ್ಕೆ ತೆಗೀಬೇಡಿ. ಅದರ ವಿಚಾರಣೆ ಬೇರೆ ಆಗುತ್ತೆ. ಅವನ ಮೇಲಿನ ಕೇಸೂ ಬೇರೆ."

ಬೀದಿಗೆ ಬಂದಾಗ ದೀಪ ಹತ್ತಿದ್ದವು. ಸ್ವಲ್ಪ ದೂರ ನಡೆದ ಮೇಲೆ ಆಕೆ ಏನೋ ಹೇಳಿದಳು. ತಮ್ಮ ಸುಮ್ಮನೆ ನಡೆಯುತ್ತಲೇ ಇದ್ದ. ತಾನು ಅವನ ಎಡಕ್ಕೆ ಇದ್ದೇನೆಂದು ಆಕೆಗೆ ಆಗ ಹೊಳೆಯಿತು. ಹಿಂದಿನಿಂದ ಸುತ್ತಿ ಬಲಕ್ಕೆ ಬಂದಳು.

"ಅವರು ನಂಬಿದ್ರೆ ನೀನು ಸಾಯ್ತಿದ್ದೆ" ಎಂದಳು ಮತ್ತೆ. "ಅದು ನಂಗೆ ಕೂಗಿದ ಮೇಲೆ ಹೊಳೀತು. ಅವರು ರಿವಾಲ್ವರ್ ನೋಡಿದ್ರಲ್ಲ, ಆ ಒಂದು ಗಳಿಗೆ, ನಂಬಬಾರದು ದೇವರೇ ಅಂತ ಬೇಡ್ಕೊಂಡೆ. ಮಾತಲ್ಲಿ ನಿಲ್ಸು ಅಂದೆ, ಮನಸ್ಸಲ್ಲಿ ನಿಲ್ಲಿಸ್ಬೇಡ ಅಂದೆ. ಇದನ್ನ ಇನ್ಸ್‌ಪೆಕ್ಟರಿಗೆ ಹೇಳ್ಲಿಲ್ಲ."

ತಮ್ಮ ನಿಂತ. ಕೆನ್ನೆಯ ಹೊಲಿಗೆ ಎಳೆಯುತ್ತಿದ್ದುದರಿಂದ ಅವನಿಗೆ ಮಾತು ಕಷ್ಟವಾಗಿತ್ತು.

"ಇನ್ಸ್‌ಪೆಕ್ಟರಿಗೆ ಹೇಳೋದು ಬೇಡ" ಎಂದ. "ಗಂಟು ಇಲ್ಲಿ ಕೊಡು. ಮುರಿದ ಭುಜಕ್ಕೆ ಹಾಕ್ಕೊಂಡು ಬಂದಿದೀಯ."

ಆಕೆ ಗಂಟು ಕೊಟ್ಟಳು. ಇಬ್ಬರೂ ನಡೆದರು.